ಗ್ವಾದಲಿ ತುಂಬಿದರೆ ಸಾಲದು

ಗ್ವಾದಲಿ, ಅಂದರೆ ದನದ ಮೇವಿನ ತೊಟ್ಟಿ, ತುಂಬ ಜೋಳದ ಕಣಿಕೆ ಇದೆ. ಎಮ್ಮೆ ಬೆಳಗಿನಿಂದ ಹೊತ್ತು ಮುಳುಗುವವರೆಗೆ ಅಗಿಯುತ್ತಲೇ ಇರುತ್ತದೆ. ಆದರೂ ಹಾಲು ಏರುವುದಿಲ್ಲ, ಪಕ್ಕೆಲುಬು ಮುಚ್ಚುವುದಿಲ್ಲ, ಕರು ಹಾಕಿ ವರ್ಷ ಕಳೆದರೂ ಬೆದೆಗೆ ಬರುವುದಿಲ್ಲ. ಗದಗ ಜಿಲ್ಲೆಯ ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿಯಾಗಲಿ, ರೋಣ, ನರಗುಂದ ಕಡೆಯ ಯಾವ ಹಳ್ಳಿಯಾಗಲಿ, ಪಶುವೈದ್ಯರ ಮುಂದೆ ಬರುವ ದೂರು ಹೆಚ್ಚುಕಡಿಮೆ ಇದೇ. ‘ಸಾಹೇಬ್ರ, ಎಮ್ಮಿ ಎಷ್ಟ ತಿಂದ್ರೂ ಮೈ ಹತ್ತವಲ್ದು.’ ‘ಏನ್ ಹಾಕ್ತೀಯವ್ವಾ?’ ‘ಕಣಿಕಿ ಹಾಕ್ತೀನ್ರಿ, ಮುಸುರಿ ಕುಡಸ್ತೀನ್ರಿ, ಹಿಂಡು ಮುಂದ ಒಂದ್ ಬೊಗಸಿ ಹಿಂಡಿ ಇಡ್ತೀನ್ರಿ.’

ಆ ತಾಯಿ ಯಾವುದರಲ್ಲೂ ಕಡಿಮೆ ಮಾಡಿಲ್ಲ. ತನ್ನ ಕೈಲಾದದ್ದನ್ನೆಲ್ಲ ಹಾಕಿದ್ದಾಳೆ. ಆದರೆ ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ. ಈ ಎರಡರ ನಡುವಿನ ಅಂತರ ತಿಳಿಯಬೇಕಾದರೆ ಎಮ್ಮೆಯ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ದನ, ಎಮ್ಮೆ, ಕುರಿ, ಆಡು ಇವೆಲ್ಲ ಮೆಲುಕು ಹಾಕುವ ಪ್ರಾಣಿಗಳು. ಇವುಗಳ ಹೊಟ್ಟೆಗೆ ನಾಲ್ಕು ಕೋಣೆ. ಮೊದಲ ಕೋಣೆ ರೂಮೆನ್, ಅಂದರೆ ಮೆಲುಕು ಚೀಲ. ದೊಡ್ಡ ಎಮ್ಮೆಯಲ್ಲಿ ಅದು ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಅಲ್ಲಿರುವ ರಸದ ಒಂದೊಂದು ಮಿಲಿಲೀಟರಿನಲ್ಲೂ ನೂರಾರು ಕೋಟಿ ಸೂಕ್ಷ್ಮಜೀವಿಗಳು ವಾಸವಾಗಿವೆ. ಜೋಳದ ಕಣಿಕೆಯ ನಾರನ್ನು ಕರಗಿಸುವ ಶಕ್ತಿ ಎಮ್ಮೆಗೆ ತಾನಾಗಿ ಇಲ್ಲ, ನಮಗೂ ಇಲ್ಲ. ಆ ಕೆಲಸ ಮಾಡುವುದು ಈ ಜೀವಿಗಳು. ಅವು ನಾರನ್ನು ಕೊಳೆಸಿ ಆಮ್ಲಗಳನ್ನು ಮಾಡುತ್ತವೆ. ಎಮ್ಮೆಗೆ ಬಲ ಬರುವುದು, ಹಾಲಿಗೆ ಜಿಡ್ಡು ಬರುವುದು ಆ ಆಮ್ಲಗಳಿಂದ. ಕೊನೆಗೆ ಆ ಜೀವಿಗಳೂ ಮುಂದಿನ ಕೋಣೆಗಳಿಗೆ ಸಾಗಿ ಜೀರ್ಣವಾಗಿ ಎಮ್ಮೆಗೆ ಪ್ರೋಟೀನ್ ಆಗುತ್ತವೆ. ಆದ್ದರಿಂದ ಎಮ್ಮೆಯನ್ನು ಸಾಕುವುದೆಂದರೆ ಮೊದಲು ಅದರ ಹೊಟ್ಟೆಯಲ್ಲಿರುವ ಈ ಜೀವಿಗಳನ್ನು ಸಾಕುವುದು.

ಅವುಗಳಿಗೂ ಆಹಾರ ಬೇಕು. ತಿಂದ ಮೇವಿನಲ್ಲಿ ಪ್ರೋಟೀನ್ ಶೇ 7ಕ್ಕಿಂತ ಕೆಳಗೆ ಇಳಿದರೆ ಅವು ಸೊರಗುತ್ತವೆ. ಜೋಳದ ಕಣಿಕೆಯಲ್ಲಿ ಇರುವುದು ಶೇ 4ರ ಆಸುಪಾಸು. ಬರೀ ಕಣಿಕೆ ಹಾಕಿದಾಗ ಜೀವಿಗಳ ಸಂಖ್ಯೆ ಇಳಿಯುತ್ತದೆ, ನಾರು ಕರಗುವುದು ತಡವಾಗುತ್ತದೆ, ಮೇವು ಚೀಲದಲ್ಲೇ ಕೂರುತ್ತದೆ. ಚೀಲ ಖಾಲಿಯಾಗದ ಎಮ್ಮೆ ಹೊಸ ಮೇವಿಗೆ ಬಾಯಿ ಹಾಕುವುದು ಕಡಿಮೆ. ನೋಡುವವರಿಗೆ ಹೊಟ್ಟೆ ತುಂಬಿದೆ ಎನಿಸುತ್ತದೆ, ಒಳಗೆ ಮಾತ್ರ ಉಪವಾಸ.

ಹಾಗೆಂದು ಕಣಿಕೆಯನ್ನು ಹಗುರವಾಗಿ ಕಾಣುವ ಮಾತನ್ನು ನಾನು ಒಪ್ಪುವುದಿಲ್ಲ. ಮಳೆ ಕಡಿಮೆಯಾದ ಈ ಒಣ ಸೀಮೆಯಲ್ಲಿ ತಲೆಮಾರುಗಳಿಂದ ಎತ್ತು, ಎಮ್ಮೆ ಉಳಿದದ್ದೇ ಹಿಂಗಾರಿ ಜೋಳದ ಕಣಿಕೆಯಿಂದ. ಎರೆ ಹೊಲದಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದ ಬಿಳಿಜೋಳ ನೆಲದ ತೇವವನ್ನೇ ನಂಬಿ ಬೆಳೆಯುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವ ಹೊತ್ತಿಗೆ ತೆನೆ ಹೊರಟಿರುತ್ತದೆ, ಫೆಬ್ರುವರಿ, ಮಾರ್ಚ್‌ಗೆ ಸುಗ್ಗಿ. ಬೇರುಸಹಿತ ಕಿತ್ತು, ತೆನೆ ಮುರಿದು, ಸೂಡು ಕಟ್ಟಿ, ಬಣವಿ ಒಟ್ಟುತ್ತಾರೆ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಮಾಲದಂಡಿ, ಅಂದರೆ ಎಂ 35-1 ತಳಿ, ಇಷ್ಟು ವರ್ಷ ಈ ಭಾಗದ ಹೊಲ ಬಿಟ್ಟು ಹೋಗದಿರಲು ರೊಟ್ಟಿಯ ರುಚಿ ಒಂದೇ ಕಾರಣವಲ್ಲ. ಅದರ ದಂಟು ಎತ್ತರ, ದನ ಅದನ್ನು ಒಲ್ಲೆ ಎನ್ನುವುದಿಲ್ಲ. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂತು. ಕಾಳು ಹೆಚ್ಚು ಕೊಟ್ಟಿತು, ಆದರೆ ಗಿಡ್ಡ. ಮುಂಗಾರಿ ಸೀಮೆಯಲ್ಲಿ ಹೈಬ್ರಿಡ್ ಹಬ್ಬಿದಷ್ಟು ಹಿಂಗಾರಿ ಎರೆಯಲ್ಲಿ ಹಬ್ಬಲಿಲ್ಲ. ಕಾಳಿನ ಲೆಕ್ಕ ಮಾತ್ರ ಹಾಕಿದ ತಜ್ಞರಿಗೆ ಇದು ಅರ್ಥವಾಗಲು ಬಹಳ ಕಾಲ ಹಿಡಿಯಿತು. ರೈತ ಕಾಳು, ಕಣಿಕೆ ಎರಡನ್ನೂ ತೂಗಿ ನೋಡುತ್ತಿದ್ದ.

ಈಗ ಆ ತೂಕ ತಪ್ಪುತ್ತಿದೆ. ಜೋಳ ಕೀಳುವುದಕ್ಕೆ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಪೂರೈಸುವುದಿಲ್ಲ. ಮಳೆಗಾಲದ ಹೊಲ ಹೆಸರಿಗೆ, ಗೋವಿನಜೋಳಕ್ಕೆ ಹೋಯಿತು. ಹಿಂಗಾರಿ ಹೊಲ ಕಡಲೆಗೆ ಹೋಯಿತು. ಕಡಲೆಗೆ ಯಂತ್ರ ಬಂದಿದೆ, ಒಂದೆರಡು ತಾಸಿನಲ್ಲಿ ರಾಶಿ ಮುಗಿಯುತ್ತದೆ, ಹೊಟ್ಟು ಹೊಲದ ತುಂಬ ಚೆಲ್ಲಿ ಗಾಳಿಗೆ ಹಾರುತ್ತದೆ. ರೈತನನ್ನು ಇದಕ್ಕಾಗಿ ದೂರುವುದು ತಪ್ಪು. ಕಡಲೆ ರೊಕ್ಕ ಕೊಡುತ್ತದೆ, ಜೋಳ ಬೆನ್ನು ಮುರಿಯುತ್ತದೆ. ಆದರೆ ಇದರ ಇನ್ನೊಂದು ಲೆಕ್ಕವನ್ನು ಯಾರಾದರೂ ಎದುರಿಗೆ ಇಡಬೇಕು. ಒಂದು ಎಮ್ಮೆಗೆ ದಿನಕ್ಕೆ 6 ಕೆಜಿ ಕಣಿಕೆ ಎಂದು ಹಿಡಿದರೂ ವರ್ಷಕ್ಕೆ ಸುಮಾರು 22 ಕ್ವಿಂಟಲ್. ಮಳೆ ನಂಬಿದ ಒಂದು ಎಕರೆ ಮಾಲದಂಡಿ ಕೊಡುವ ಕಣಿಕೆ ಒಳ್ಳೆಯ ವರ್ಷದಲ್ಲಿ ಅಷ್ಟೇ. ಇಡೀ ಸೂಡನ್ನು ಬಿಚ್ಚಿ ಗ್ವಾದಲಿಗೆ ಹಾಕಿದರೆ ಎಮ್ಮೆ ಎಲೆ ಆರಿಸಿ ತಿಂದು ದಂಟು ತುಳಿಯುತ್ತದೆ. ಹೀಗೆ ಮೂರರಲ್ಲಿ ಒಂದು ಪಾಲು ಸಗಣಿಯ ಪಾಲಾದರೆ 22 ಕ್ವಿಂಟಲ್ ಹೊಟ್ಟೆಗೆ ಹೋಗಲು 33 ಕ್ವಿಂಟಲ್ ಬೇಕು. ಮೇವು ಕತ್ತರಿಸುವ ಯಂತ್ರದಲ್ಲಿ ಎರಡು ಮೂರು ಸೆಂಟಿಮೀಟರಿನ ತುಂಡು ಮಾಡಿ ಹಾಕಿದರೆ ದಂಟೂ ಹೊಟ್ಟೆಗೆ ಹೋಗುತ್ತದೆ. ಉಳಿಯುವ 11 ಕ್ವಿಂಟಲ್ ಕಣಿಕೆಯ ಬೆಲೆಯನ್ನು ಬೇಸಿಗೆಯಲ್ಲಿ ಕೊಂಡವರನ್ನು ಕೇಳಿ. ನಾಲ್ಕೈದು ಮನೆಯವರು ಸೇರಿ ಒಂದು ಯಂತ್ರ ಕೊಂಡರೆ ಯಾರಿಗೂ ಭಾರವಾಗದು.

ಇನ್ನು ಪ್ರೋಟೀನಿನ ಕೊರತೆ. ಅದನ್ನು ತುಂಬುವ ಮೇವು ಇದೇ ಸೀಮೆಯ ಹೊಲದಲ್ಲೇ ಬೆಳೆಯುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ತಪ್ಪು ಜಾಗದಲ್ಲಿದೆ, ಅಷ್ಟೇ. ಶೇಂಗಾ ಬಳ್ಳಿಯ ಹೊಟ್ಟಿನಲ್ಲಿ ಶೇ 10ರ ಹತ್ತಿರ ಪ್ರೋಟೀನ್ ಇದೆ, ಅಂದರೆ ಕಣಿಕೆಯ ಎರಡೂವರೆ ಪಟ್ಟು. ಕಡಲೆ, ಹೆಸರು, ತೊಗರಿಯ ಹೊಟ್ಟು ಅದರಷ್ಟಲ್ಲದಿದ್ದರೂ ಕಣಿಕೆಗಿಂತ ಮೇಲು. ಲೆಕ್ಕ ಹೀಗೆ ಹಾಕಿ ನೋಡಿ: 6 ಕೆಜಿ ಕಣಿಕೆಯಿಂದ 240 ಗ್ರಾಂ ಪ್ರೋಟೀನ್, 2 ಕೆಜಿ ಶೇಂಗಾ ಹೊಟ್ಟಿನಿಂದ 200 ಗ್ರಾಂ, 1 ಕೆಜಿ ಕಡಲೆ ಹೊಟ್ಟಿನಿಂದ 50 ಗ್ರಾಂ. ಒಟ್ಟು 9 ಕೆಜಿ ಮೇವಿನಲ್ಲಿ 490 ಗ್ರಾಂ, ಅಂದರೆ ಶೇ 5.5ಕ್ಕೆ ಸಮೀಪ. ಇದರ ಜೊತೆಗೆ ಶೇ 18 ಪ್ರೋಟೀನಿನ 2 ಕೆಜಿ ದಾಣಿ, ಅಂದರೆ ನುಚ್ಚು, ಹಿಂಡಿ ಬೆರೆಸಿದ ಪಶು ಆಹಾರ, ಸೇರಿದರೆ ಒಟ್ಟು 850 ಗ್ರಾಂ ಆಗಿ ಶೇ 7ರ ಗೆರೆ ದಾಟುತ್ತದೆ. ಅಲ್ಲಿಂದ ಆಚೆ ಒಳಗಿನ ಜೀವಿಗಳು ಕಣಿಕೆಯನ್ನೂ ಚೆನ್ನಾಗಿ ಕರಗಿಸುತ್ತವೆ. ಎರಡು ಕೆಜಿ ದಾಣಿಯ ಫಲ ಎರಡು ಕೆಜಿಗೇ ನಿಲ್ಲುವುದಿಲ್ಲ, ಅದು ಆರು ಕೆಜಿ ಕಣಿಕೆಯನ್ನು ಬಳಕೆಗೆ ತರುತ್ತದೆ.

ದಾಣಿಯನ್ನು ಚೀಲದಲ್ಲೇ ಕೊಳ್ಳಬೇಕೆಂದಿಲ್ಲ. ಗೋವಿನಜೋಳದ ಅಥವಾ ಜೋಳದ ನುಚ್ಚು 40 ಕೆಜಿ, ಶೇಂಗಾ, ಕುಸುಬಿ ಅಥವಾ ಹತ್ತಿಕಾಳಿನ ಹಿಂಡಿ 30 ಕೆಜಿ, ಗೋಧಿ ಭೂಸಾ, ತೌಡು, ಬೇಳೆಯ ಚುನ್ನಿ ಸೇರಿ 27 ಕೆಜಿ, ಖನಿಜ ಮಿಶ್ರಣ 2 ಕೆಜಿ, ಉಪ್ಪು 1 ಕೆಜಿ. ಇಷ್ಟು ಬೆರೆಸಿದರೆ ಕ್ವಿಂಟಲ್ ದಾಣಿ ಮನೆಯಲ್ಲೇ ತಯಾರು. ರೂಢಿಯ ಲೆಕ್ಕದಲ್ಲಿ ಎಮ್ಮೆಯ ದೇಹಕ್ಕೆ ಒಂದೂವರೆ ಕೆಜಿ, ಮೇಲೆ ಹಿಂಡುವ ಪ್ರತಿ 2 ಲೀಟರ್ ಹಾಲಿಗೆ 1 ಕೆಜಿ. ಬೇಳೆಕಾಳಿನ ಹೊಟ್ಟನ್ನು ಚೆನ್ನಾಗಿ ಹಾಕುವವರು ದೇಹದ ಪಾಲಿನ ದಾಣಿಯಲ್ಲಿ ಬಹುಪಾಲು ಉಳಿಸಬಹುದು. ನಮ್ಮ ಧಾರವಾಡಿ ಎಮ್ಮೆಯನ್ನು ಪ್ರತ್ಯೇಕ ತಳಿಯೆಂದು ರಾಷ್ಟ್ರಮಟ್ಟದಲ್ಲಿ ನೋಂದಾಯಿಸಿದ್ದು ಇತ್ತೀಚೆಗಷ್ಟೇ. ಧಾರವಾಡ ಪೇಡೆಗೆ ಹಾಲು ಕೊಟ್ಟ ಎಮ್ಮೆ ಇದು. ದಿನಕ್ಕೆ ಮೂರು ನಾಲ್ಕು ಲೀಟರ್ ಕೊಡುವ ಇಂಥ ಎಮ್ಮೆಗೆ ಮುರ‍್ರಾ ತಳಿಯ ಎಮ್ಮೆಗೆ ಹಾಕಿದಷ್ಟು ದಾಣಿ ಹಾಕುವ ಅಗತ್ಯವಿಲ್ಲ. ಒಣಮೇವಿನ ಸೀಮೆಗೆ ಅದು ಹೊಂದಿಕೊಂಡ ಜೀವ. ಒಂದು ಬೊಗಸೆ ಹಿಂಡಿಯಲ್ಲಿ ಅದನ್ನು ತೇಲಿಸುವುದೂ ಅಷ್ಟೇ ಅನ್ಯಾಯ.

ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಎಂದರೆ ಹಲವರು ಅದನ್ನು ಔಷಧದ ಅಂಗಡಿಯ ವ್ಯಾಪಾರ ಎಂದುಕೊಳ್ಳುತ್ತಾರೆ. ಅದಕ್ಕೆ ಒಂದು ಚರಿತ್ರೆ ಹೇಳುತ್ತೇನೆ. ದಕ್ಷಿಣ ಆಫ್ರಿಕಾದ ಒಣ ಹುಲ್ಲುಗಾವಲಿನಲ್ಲಿ ದನಗಳು ಕಾಲು ಸೋತು ಬಿದ್ದು ಸಾಯುತ್ತಿದ್ದವು. 1920ರ ಆಸುಪಾಸಿನಲ್ಲಿ ಆರ್ನಾಲ್ಡ್ ಥೈಲರ್ ಎಂಬ ಪಶುವಿಜ್ಞಾನಿ ಅದರ ಮೂಲ ಹಿಡಿದರು. ಅಲ್ಲಿನ ಮಣ್ಣಿನಲ್ಲಿ, ಹುಲ್ಲಿನಲ್ಲಿ ರಂಜಕ ಕಡಿಮೆ. ರಂಜಕದ ಹಸಿವಿಗೆ ದನಗಳು ಸತ್ತ ಪ್ರಾಣಿಗಳ ಎಲುಬು ಅಗಿಯುತ್ತಿದ್ದವು, ಆ ಎಲುಬಿನಲ್ಲಿದ್ದ ವಿಷ ಅವನ್ನು ಕೊಲ್ಲುತ್ತಿತ್ತು. ಶುದ್ಧ ಎಲುಬಿನ ಪುಡಿ ತಿನ್ನಿಸಿದಾಗ ಎಲುಬು ಅಗಿಯುವ ಚಟವೇ ನಿಂತಿತು. ನಮ್ಮ ಕಣಿಕೆಯಲ್ಲೂ ರಂಜಕ ಬಹಳ ಕಡಿಮೆ. ಲಕ್ಕಲಕಟ್ಟಿಯ ಓಣಿಯಲ್ಲಿ ಆಕಳು ಗೋಡೆ ನೆಕ್ಕಿದರೆ, ಮಣ್ಣು ತಿಂದರೆ, ಒಣಹಾಕಿದ ಬಟ್ಟೆ ಅಗಿದರೆ ಅದನ್ನು ಕೆಟ್ಟ ಚಾಳಿ ಎಂದು ಹೊಡೆಯಬೇಡಿ. ಅದು ಬಾಯಿಲ್ಲದ ಜೀವ ಕೇಳುವ ರೀತಿ. ಹೊತ್ತಿಗೆ ಸರಿಯಾಗಿ ಬೆದೆಗೆ ಬಾರದಿರುವುದಕ್ಕೂ ಎಷ್ಟೋ ಸಲ ಇದೇ ಕಾರಣ.

ನೀರಿನ ವಿಷಯ. ಹಸಿಮೇವಿನಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ, ಕಣಿಕೆಯಲ್ಲಿ ಶೇ 10 ಮಾತ್ರ. ಬರೀ ಒಣಮೇವು ತಿನ್ನುವ ಎಮ್ಮೆಗೆ ಬೇಸಿಗೆಯಲ್ಲಿ ದಿನಕ್ಕೆ 50–60 ಲೀಟರ್ ಬೇಕು. ದಿನಕ್ಕೆ ಎರಡು ಸಲ ಬಕೆಟ್ ತೋರಿಸಿದರೆ ಅಷ್ಟು ಹೋಗುವುದಿಲ್ಲ. ಗದಗ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮನುಷ್ಯರಿಗೆ ಶುದ್ಧ ನೀರಿನ ಘಟಕ ಬಂತು, ದನಕ್ಕೆ ಅದೇ ಕೊಳವೆಬಾವಿ ಉಳಿಯಿತು. ಹಲ್ಲು ಕಂದುಗಟ್ಟಿ ಸವೆದ ದನ ಕಣಿಕೆ ಅಗಿಯಲಾರದು. ಮಳೆನೀರಿನ ಕೃಷಿಹೊಂಡ, ಕೆರೆ ಇದ್ದಷ್ಟು ಕಾಲ ದನಕ್ಕೆ ಆ ನೀರನ್ನೇ ಕುಡಿಸುವುದು ಒಳ್ಳೆಯದು.

ಮೇವೇ ಜೀವ ತೆಗೆಯುವ ಸಂದರ್ಭಗಳೂ ಇವೆ. ಮೊದಲನೆಯದು ಎಳೆಯ ಜೋಳ. ಮೊಣಕಾಲೆತ್ತರದ ಹಸಿಜೋಳ, ಮಳೆ ಕೈಕೊಟ್ಟು ಬಾಡಿದ ಪೈರು, ಕೊಯ್ದ ಮೇಲೆ ಒಡೆದ ಕೂಳೆ ಚಿಗುರು, ಇವುಗಳಲ್ಲಿ ಧುರಿನ್ ಎಂಬ ವಸ್ತು ಹೆಚ್ಚಿರುತ್ತದೆ. ದನ ಅದನ್ನು ಅಗಿದಾಗ ಸಯನೈಡ್ ಬಿಡುಗಡೆಯಾಗುತ್ತದೆ. ರಕ್ತದಲ್ಲಿ ಪ್ರಾಣವಾಯು ಇದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ದನ ತತ್ತರಿಸಿ, ಬಾಯಿ ಬಿಟ್ಟು ಉಸಿರೆಳೆದು, ಕೆಲವೇ ನಿಮಿಷಗಳಲ್ಲಿ ಬೀಳಬಹುದು. ರಕ್ತ ಮಾತ್ರ ಕೆಂಪಗೆ ಹೊಳೆಯುತ್ತಿರುತ್ತದೆ. ಇದಕ್ಕೆ ಚುಚ್ಚುಮದ್ದು ಇದೆ, ಆದರೆ ಸಮಯ ಬಹಳ ಕಡಿಮೆ. ಕೂಡಲೇ ಪಶುವೈದ್ಯರಿಗೆ, ಇಲ್ಲವೇ 1962 ಸಂಖ್ಯೆಗೆ ಕರೆ ಮಾಡಬೇಕು. ಹೂ ಬರುವವರೆಗೆ ಹಸಿಜೋಳಕ್ಕೆ ದನ ಬಿಡದಿರುವುದು ಎಲ್ಲಕ್ಕಿಂತ ಸುರಕ್ಷಿತ. ಚೆನ್ನಾಗಿ ಒಣಗಿದ ಕಣಿಕೆಗೆ ಈ ಭಯವಿಲ್ಲ.

ಎರಡನೆಯದು ಕಾಳು. ಗೋವಿನಜೋಳದ ರಾಶಿ ಆದ ಮೇಲೆ ಹೊಲಕ್ಕೆ ಕುರಿ ಬಿಡುತ್ತಾರೆ. ಉದುರಿದ ಕಾಳು ಒಂದು ಕಡೆ ಗುಂಪಾಗಿ ಸಿಕ್ಕರೆ ಕುರಿ ಮುಕ್ಕುತ್ತದೆ. ನಾರಿನ ಮೇಲೆ ಬದುಕುವ ಜೀವಿಗಳಿರುವ ಹೊಟ್ಟೆಗೆ ಹಿಟ್ಟಿನಂಶ ಒಮ್ಮೆಗೇ ಬಂದರೆ ಲ್ಯಾಕ್ಟಿಕ್ ಆಮ್ಲ ಏರಿ, ಒಳಗಿನ ಒಳ್ಳೆಯ ಜೀವಿಗಳೆಲ್ಲ ಸಾಯುತ್ತವೆ. ಕುರಿ ಮಂಕಾಗಿ ಭೇದಿ ಹತ್ತಿ ಒಂದೆರಡು ದಿನದಲ್ಲಿ ಸಾಯುತ್ತದೆ. ಕಾಳು ಹೆಚ್ಚು ಬಿದ್ದ ಹೊಲಕ್ಕೆ ಹಸಿದ ಕುರಿ ನುಗ್ಗಿಸಬೇಡಿ, ಮೊದಲು ಹುಲ್ಲಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಬನ್ನಿ. ಇದರ ಸೋದರನಂಥ ರೋಗ ಕರುಳು ಬೇನೆ. ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲನ್ನು ಮುಕ್ಕಿದ ಗಟ್ಟಿಮುಟ್ಟಾದ ಮರಿಗಳೇ ಇದಕ್ಕೆ ಬಲಿಯಾಗುತ್ತವೆ. ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸಿದರೆ ತಪ್ಪುತ್ತದೆ.

ಮೂರನೆಯದು ಬೂಷ್ಟು. ಮಳೆಗೆ ನೆಂದ ಶೇಂಗಾ, ಗಂಟುಗಟ್ಟಿದ ಹಿಂಡಿಯನ್ನು ‘ಮನುಷ್ಯರಿಗೆ ಬ್ಯಾಡ, ದನಕ್ಕ ಇರ್ಲಿ’ ಎಂದು ಇಡುವುದು ರೂಢಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿ ಮರಿಗಳು ಸತ್ತವು. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಯ ಬೂಷ್ಟು. ಅಫ್ಲಾಟಾಕ್ಸಿನ್ ಎಂಬ ವಿಷ ಜಗತ್ತಿಗೆ ತಿಳಿದದ್ದು ಆಗ. ಆಕಳು, ಎಮ್ಮೆ ಅದನ್ನು ತಿಂದರೆ ಆ ವಿಷದ ಅಂಶ ಹಾಲಿಗೆ ಇಳಿಯುತ್ತದೆ. ದನಕ್ಕಿರಲಿ ಎಂದು ಹಾಕಿದ್ದು ಮನೆಯ ಮಗುವಿನ ಲೋಟಕ್ಕೆ ಬರುತ್ತದೆ. ಬೂಷ್ಟು ಹಿಡಿದ ಹಿಂಡಿ ತಿಪ್ಪೆಗೆ ಹೋಗಬೇಕು.

ಕಾರಹುಣ್ಣಿಮೆಗೆ ಎತ್ತುಗಳಿಗೆ ಗೊಟ್ಟದಲ್ಲಿ ಎಣ್ಣೆ, ತತ್ತಿ ಹಾಕುವವರಿಗೂ ಒಂದು ಮಾತು. ತಲೆ ಬಹಳ ಮೇಲೆತ್ತಿ, ನಾಲಿಗೆ ಹಿಡಿದೆಳೆದು ಸುರಿದರೆ ಎಣ್ಣೆ ಉಸಿರುನಾಳಕ್ಕೆ ಹೋಗಿ ಎತ್ತಿಗೆ ನ್ಯುಮೋನಿಯಾ ಆಗುತ್ತದೆ. ಪ್ರೀತಿಯಿಂದ ಹಾಕುವುದನ್ನು ನಿಧಾನವಾಗಿ ಹಾಕಿ. ಎತ್ತು ಕೆಮ್ಮಿದರೆ ಕೂಡಲೇ ಬಿಟ್ಟುಬಿಡಿ.

ಕೋಳಿಯ ಲೆಕ್ಕ ಬೇರೆ. ಅದಕ್ಕೆ ಮೆಲುಕು ಚೀಲವಿಲ್ಲ, ನಾರು ಅದಕ್ಕೆ ಬೇಡ. ನಾವು ಬೆಳೆದ ಗೋವಿನಜೋಳ ಲಾರಿ ಹತ್ತಿ ಹೋಗುವುದರಲ್ಲಿ ದೊಡ್ಡ ಪಾಲು ಕೋಳಿ ಆಹಾರಕ್ಕೇ, ಫಾರಂ ಕೋಳಿಯ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಇರುತ್ತದೆ. ಅಂಗಳದ ಜವಾರಿ ಕೋಳಿ ಹುಳುಹುಪ್ಪಟೆ ಕೆದರಿ ತನ್ನ ಪ್ರೋಟೀನ್ ತಾನೇ ಹುಡುಕಿಕೊಳ್ಳುತ್ತದೆ. ಅದಕ್ಕೆ ಸಾಮಾನ್ಯವಾಗಿ ಕಡಿಮೆ ಬೀಳುವುದು ಸುಣ್ಣದಂಶ. ಒಂದು ತತ್ತಿಯ ಚಿಪ್ಪಿಗೆ ಎರಡು ಗ್ರಾಂ ಆಸುಪಾಸು ಕ್ಯಾಲ್ಸಿಯಂ ಬೇಕು. ತೊಗಲುತತ್ತಿ ಇಡುವ ಕೋಳಿಗೆ ಚಿಪ್ಪಿನ ಪುಡಿ ಹಾಕಿ ನೋಡಿ.

ಬರಗಾಲದ ಮಾತಿಲ್ಲದೆ ಈ ಸೀಮೆಯ ಮೇವಿನ ಮಾತು ಮುಗಿಯುವುದಿಲ್ಲ. 1876–78ರ ಬರದಲ್ಲಿ ಅಂದಿನ ಧಾರವಾಡ, ಕಲಾದಗಿ ಜಿಲ್ಲೆಗಳಲ್ಲಿ ಜನರ ಜೊತೆಗೆ ದನಗಳೂ ಲೆಕ್ಕವಿಲ್ಲದಷ್ಟು ಸತ್ತವು. ಮಳೆ ಬಂದಾಗ ಉಳಲು ಎತ್ತು ಇರಲಿಲ್ಲ. 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಈಗ ಮೇವಿನ ಬ್ಯಾಂಕು, ಗೋಶಾಲೆ ಎಂಬ ವ್ಯವಸ್ಥೆ ಇದೆ, ಅದು ಒಳ್ಳೆಯದೇ. ಆದರೆ ಮೇವಿನ ಬ್ಯಾಂಕು ತೆರೆಯುವ ಹೊತ್ತಿಗೆ ಬಡವನ ಎಮ್ಮೆ ಸಂತೆಗೆ ಹೋಗಿ ಅರ್ಧ ಬೆಲೆಗೆ ಮಾರಿಹೋಗಿರುತ್ತದೆ. ಬರದ ಮೇವನ್ನು ಮಳೆ ಬಂದ ವರ್ಷವೇ ಕೂಡಿಡಬೇಕು. ಅದಕ್ಕೆ ದಾರಿಯೂ ಇದೆ. ನೀರಿದ್ದವರು ಗೋವಿನಜೋಳವನ್ನು ಕಾಳು ಹಾಲುಗಟ್ಟುವ ಹಂತ ದಾಟಿದೊಡನೆ ಕತ್ತರಿಸಿ, ಗುಂಡಿಯಲ್ಲೋ ದಪ್ಪ ಚೀಲದಲ್ಲೋ ಗಾಳಿ ಇರದಂತೆ ತುಳಿದು ಮುಚ್ಚಿದರೆ ಆರು ವಾರದಲ್ಲಿ ರಸಮೇವು ಸಿದ್ಧ. ಕಾಳು ಬಿಡಿಸಿದ ಮೇಲೆ ಉಳಿದ ಒಣ ದಂಟನ್ನು ಸುಡುವ ಬದಲು ಕತ್ತರಿಸಿ, 100 ಕೆಜಿಗೆ 4 ಕೆಜಿ ಯೂರಿಯಾವನ್ನು 40–50 ಲೀಟರ್ ನೀರಿನಲ್ಲಿ ಕರಗಿಸಿ ಸಮವಾಗಿ ಸಿಂಪಡಿಸಿ, 21 ದಿನ ಗಾಳಿಯಾಡದಂತೆ ಮುಚ್ಚಿಟ್ಟರೆ ಅದರ ಪ್ರೋಟೀನ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತೆಗೆದ ಮೇಲೆ ಘಾಟು ಹೋಗುವಂತೆ ಗಾಳಿಗೆ ಹರವಿ ಹಾಕಬೇಕು. ಯೂರಿಯಾ ನೀರನ್ನು ದನ ನೇರವಾಗಿ ಕುಡಿದರೆ ಸಾಯುತ್ತದೆ, ಆರು ತಿಂಗಳೊಳಗಿನ ಕರುವಿಗೆ ಈ ಮೇವು ಕೂಡದು. ಮೊದಲ ಸಲ ಮಾಡುವವರು ತಿಳಿದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಬೇಕು. ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯದ ಜೊತೆಗೆ ಹುಲ್ಲು ಮತ್ತು ಮೇವಿನ ಸಂಶೋಧನೆಗೇ ಮೀಸಲಾದ ಕೇಂದ್ರದ ಪ್ರಾದೇಶಿಕ ಶಾಖೆಯಿದೆ. ಲಕ್ಕಲಕಟ್ಟಿಯಿಂದ ಇವು ದೂರವೇನಲ್ಲ.

ಕೃಷಿ ಇಲಾಖೆಗೆ, ವಿಶ್ವವಿದ್ಯಾಲಯಕ್ಕೆ ನನ್ನ ಒತ್ತಾಯ ಒಂದೇ. ಕಡಲೆಗೆ ಯಂತ್ರ ತಂದ ಹಾಗೆ ಎತ್ತರದ ಹಿಂಗಾರಿ ಜೋಳವನ್ನು ಕಣಿಕೆ ಹಾಳಾಗದಂತೆ ಕೊಯ್ದು ಸೂಡು ಕಟ್ಟುವ ಸಣ್ಣ ಯಂತ್ರವನ್ನು ಬಾಡಿಗೆ ಕೇಂದ್ರಗಳಲ್ಲಿ ಇಡಿ. ಆಳಿನ ಕಷ್ಟ ತೀರದೆ ಜೋಳ ಬಿತ್ತಿ ಎಂದು ರೈತನಿಗೆ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ರೈತರಲ್ಲಿ ನನ್ನ ವಿನಂತಿ: ಬರುವ ಹಿಂಗಾರಿಯಲ್ಲಿ ಮನೆಯಲ್ಲಿರುವ ಒಂದೊಂದು ದೊಡ್ಡ ದನಕ್ಕೆ ಒಂದು ಎಕರೆಯಂತೆ, ಆಗದಿದ್ದರೆ ಅರ್ಧ ಎಕರೆಯನ್ನಾದರೂ ಜೋಳಕ್ಕೆ ಬಿಡಿ. ಶೇಂಗಾ ಬಳ್ಳಿ ಮಳೆಗೆ ಕೊಳೆಯುವ ಮುಂಚೆ ಒಳಗೆ ತನ್ನಿ. ಕಡಲೆ ರಾಶಿಯ ಯಂತ್ರದ ಹಿಂದೆ ತಾಡಪತ್ರಿ ಕಟ್ಟಿಸಿ ಹೊಟ್ಟು ಹಿಡಿಯಿರಿ. ಇಷ್ಟನ್ನು ಮಾಡಿ, ಬೇಸಿಗೆಯಲ್ಲಿ ಮೇವು ಕೊಳ್ಳುವ ದುಡ್ಡು ಕೈಯಲ್ಲೇ ಉಳಿಯುತ್ತದೆ.